ಹನ್ನೊಂದು ಸಾಲಿನ ಬಾಲ್ಕನಿ

ಜನವರಿ ೧೧

ಮಾನ್ಯ ನಿವೃತ್ತ ಇಂಜಿನಿಯರ್ ಸಾಹೇಬರಿಗೆ,

ತಾವು ಹದಿನೆಂಟು ವರ್ಷಗಳ ಹಿಂದೆ ಬರೆದ ಆರು ಪುಟದ ವರದಿಯೊಂದರ ನಕಲು ನಿನ್ನೆ ನನ್ನ ಕೈಸೇರಿತು. ಅದಕ್ಕಾಗಿ ನಗರಸಭೆಗೆ ಒಂಬತ್ತು ಸಲ ಅಲೆದೆ. ಎಂಟು ಸಲವೂ ‘ಫೈಲು ಸಿಗ್ತಾ ಇಲ್ಲ ಮೇಡಂ’ ಎಂಬ ಉತ್ತರ. ಒಂಬತ್ತನೇ ಸಲ ಹೆಣಿಗೆಯ ಚೀಲ, ನೀರಿನ ಬಾಟಲಿ ಹಿಡಿದು ಹೋಗಿ ಗುಮಾಸ್ತರ ಎದುರಿನ ಬೆಂಚಿನ ಮೇಲೆ ಕೂತೆ. ‘ನಿಧಾನಕ್ಕೆ ಹುಡುಕಿ, ನನಗೇನೂ ಅವಸರವಿಲ್ಲ’ ಅಂದೆ. ಸ್ವೆಟರಿನ ಒಂದು ತೋಳು ಮುಗಿಯುವ ಹೊತ್ತಿಗೆ ಫೈಲು ಸಿಕ್ಕಿತು.

ಈ ‘ತಾವು’ ಇಲ್ಲಿಗೆ ಸಾಕು. ಅಂಗಿಯ ಗುಂಡಿ ಹಾಕಲು ನಾನೇ ಕಲಿಸಿದ ತಮ್ಮನಿಗೆ ಇಷ್ಟು ಮರ್ಯಾದೆ ಕೊಟ್ಟರೆ ನನ್ನ ಪೆನ್ನೇ ನಗುತ್ತದೆ.

ವಿಷಯ ಇಷ್ಟು. ಪೇಟೆ ಬೀದಿಯ ನಮ್ಮ ಥಿಯೇಟರು, ಅಂದರೆ ಅಪ್ಪ ನಲವತ್ತಾರು ವರ್ಷ ಆಪರೇಟರಾಗಿ ಸಿನಿಮಾ ಬಿಟ್ಟ ಥಿಯೇಟರು, ನಿನ್ನ ವರದಿ ಬಂದ ತಿಂಗಳೇ ಬೀಗ ಹಾಕಿಸಿಕೊಂಡ ಥಿಯೇಟರು, ಹೋದ ವರ್ಷ ಮತ್ತೆ ಬಾಗಿಲು ತೆರೆಯಿತು. ಮಾಲೀಕರ ಮೊಮ್ಮಗಳು ಬೀಗದ ಕೈಗೊಂಚಲು ನನ್ನ ಕೈಗಿಟ್ಟು, ‘ಟೀಚರ್, ನಿಮ್ಮಿಂದಾದರೆ ಎಬ್ಬಿಸಿ ನಿಲ್ಲಿಸಿ’ ಅಂದಳು. ಎಂಟು ತಿಂಗಳಿಂದ ಊರಿನ ನಲವತ್ತು ಜನ ಸೇರಿ ಗುಡಿಸುತ್ತಿದ್ದೇವೆ, ಕೆರೆಯುತ್ತಿದ್ದೇವೆ, ಬಣ್ಣ ಹಚ್ಚುತ್ತಿದ್ದೇವೆ. ಜಾಗ ಬಿಡಲು ಪಾರಿವಾಳಗಳನ್ನು ಒಪ್ಪಿಸುವುದೊಂದು ಬಾಕಿ. ಈಗ ನಗರಸಭೆಯಿಂದ ನೋಟೀಸು: ಜೂನ್ ಮೂವತ್ತರೊಳಗೆ ಕಟ್ಟಡ ಕೆಡವಬೇಕು, ಆ ಜಾಗದಲ್ಲಿ ಕಾರು ನಿಲ್ಲಿಸುವ ಮಹಡಿ ಏಳುತ್ತದಂತೆ. ಕಾರಣ? ‘ಬಾಲ್ಕನಿ ಅಪಾಯಕಾರಿ.’ ಆಧಾರ? ನಿನ್ನ ವರದಿ. ಬೇರೊಂದು ಚೂರು ಕಾಗದವೂ ಅವರ ಹತ್ತಿರ ಇಲ್ಲ.

ಮೂರು ಸಲ ಓದಿದೆ. ನಾಲ್ಕನೇ ಪುಟದಲ್ಲಿ ಬರೆದಿದ್ದೀಯ: ‘ಬಾಲ್ಕನಿಯ ನೆಲ ಮರದ ಹಲಗೆಯದು. ಹನ್ನೊಂದು ಸಾಲು ಆಸನಗಳಿವೆ. ಹಲಗೆಗಳು ಕೊಳೆತು ಲಡ್ಡಾಗಿವೆ. ಮೆಟ್ಟಿಲಿನ ಏಳನೇ ಹಲಗೆ ಸಡಿಲವಾಗಿದೆ.’

ಅಲ್ಲವೋ, ನೀನು ಮನೆ ಬಿಟ್ಟು ಹೋದ ಎರಡನೇ ವರ್ಷವೇ ಆ ಹಲಗೆಗಳನ್ನೆಲ್ಲ ಕಿತ್ತು, ಕಬ್ಬಿಣದ ತೊಲೆಗಳ ಮೇಲೆ ಕಾಂಕ್ರೀಟು ಹಾಕಿದರು. ಕಾಲು ಚಾಚಲು ಜಾಗ ಇರಲೆಂದು ಸಾಲುಗಳನ್ನು ಒಂಬತ್ತಕ್ಕೆ ಇಳಿಸಿದರು. ನೀನು ವರದಿ ಬರೆಯುವಾಗ ಅದೆಲ್ಲ ಆಗಿ ಇಪ್ಪತ್ತಮೂರು ವರ್ಷ ಕಳೆದಿತ್ತು. ಬಾಲ್ಕನಿಯಲ್ಲಿ ಮರ ಅಂತ ಉಳಿದಿದ್ದದ್ದು ಕುರ್ಚಿಯ ಕೈ ಮಾತ್ರ. ಏಳನೇ ಹಲಗೆ ಸಡಿಲ ಎಂದು ಯಾವ ಇಂಜಿನಿಯರಿಗೂ ಗೊತ್ತಿರಲಿಲ್ಲ. ಅದರ ಕೆಳಗೆ ಗೋಲಿ ಬಚ್ಚಿಡುತ್ತಿದ್ದವನಿಗೆ ಗೊತ್ತಿತ್ತು.

ಇಲ್ಲದ ಬಾಲ್ಕನಿಯನ್ನು ನೀನು ಹೇಗೆ ಪರೀಕ್ಷೆ ಮಾಡಿದೆ? ಉತ್ತರ ಬೇಕು.

ಇತಿ,
ಈ ಊರಿನ ಒಬ್ಬ ಪ್ರಜೆ
(ನಿನ್ನ ದುರದೃಷ್ಟಕ್ಕೆ ಅಕ್ಕನೂ ಹೌದು)


ಜನವರಿ ೨೬

ಅಕ್ಕನಿಗೆ ನಮಸ್ಕಾರ.

ಪತ್ರ ತಲುಪಿತು. ಸದರಿ ವರದಿಯನ್ನು ಅಂದು ಲಭ್ಯವಿದ್ದ ಮಾಹಿತಿಯ ಆಧಾರದ ಮೇಲೆ ತಯಾರಿಸಲಾಗಿತ್ತು. ಆಕ್ಷೇಪಣೆ ಇದ್ದಲ್ಲಿ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ನಾನು ನಿವೃತ್ತನಾಗಿ ಮೂರು ವರ್ಷವಾಯಿತು. ಈ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಸರಿಯಾಗುವುದಿಲ್ಲ.

ಎಂಟು ತಿಂಗಳಿಂದ ಆ ಹಳೆ ಕಟ್ಟಡದ ದೂಳು ಕುಡಿಯುತ್ತಿದ್ದೀಯ. ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡ.

ತಮ್ಮ


ಫೆಬ್ರವರಿ ೩

ತಮ್ಮಯ್ಯ,

ಸಕ್ಷಮ ಪ್ರಾಧಿಕಾರ! ಸ್ವಂತ ಅಕ್ಕನಿಗೆ ಬರೆದ ಕಾಗದದಲ್ಲಿ! ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಇಲಾಖೆ ಚೆನ್ನಾಗಿ ಕಲಿಸಿದೆ. ‘ತಯಾರಿಸಲಾಗಿತ್ತು’ ಅಂತೀಯಲ್ಲ, ತಯಾರಿಸಿದವರು ಯಾರು? ನಾನು ಮೂವತ್ತನಾಲ್ಕು ವರ್ಷ ಚರಿತ್ರೆ ಪಾಠ ಮಾಡಿದವಳು. ಊರು ಸುಟ್ಟವರೆಲ್ಲ ‘ಊರನ್ನು ಸುಡಲಾಯಿತು’ ಎಂದೇ ಬರೆಸಿದ್ದಾರೆ.

ನನ್ನ ನೆನಪನ್ನೂ ಸ್ವಲ್ಪ ಕೇಳು. ಹಳೆ ಅಂಚೆ ಕಚೇರಿಯನ್ನು ‘ಶಿಥಿಲ’ ಎಂದು ಕೆಡವಿದರು. ಆ ಶಿಥಿಲ ಗೋಡೆ ಒಡೆಯಲು ಹನ್ನೊಂದು ದಿನ ಹಿಡಿಯಿತು, ಎರಡು ಯಂತ್ರ ಕೆಟ್ಟು ನಿಂತವು. ವಾಚನಾಲಯವನ್ನು ‘ನಿರುಪಯುಕ್ತ’ ಅಂದರು. ಅವತ್ತು ಒಳಗೆ ಕೂತು ಓದುತ್ತಿದ್ದ ಇಪ್ಪತ್ತಮೂರು ಜನರನ್ನು ಎಬ್ಬಿಸಿ ಕಳಿಸಿ ಬೀಗ ಹಾಕಿದರು, ಅವರಲ್ಲಿ ನಾನೊಬ್ಬಳು. ನಾನು ಓದುತ್ತಿದ್ದ ಪುಸ್ತಕದ ಕೊನೆ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಈ ಊರಲ್ಲಿ ಗುದ್ದಲಿಗಿಂತ ಮುಂಚೆ ಯಾವಾಗಲೂ ಒಂದು ಪದ ಬರುತ್ತದೆ. ಥಿಯೇಟರಿಗೆ ಆ ಪದ ಕೊಟ್ಟವನು ನನ್ನ ತಮ್ಮ.

ಮೆಟ್ಟಿಲು ಹತ್ತಬೇಡ ಅಂತೀಯ. ದಿನಕ್ಕೆ ನಾಲ್ಕು ಸಲ ಹತ್ತುತ್ತೇನೆ. ಮೂವತ್ತೊಂದು ಮೆಟ್ಟಿಲು, ಎಲ್ಲವೂ ಕಾಂಕ್ರೀಟು. ಮೇಲೆ ಟಾರ್ಚಣ್ಣ ಇರುತ್ತಾನೆ. ಅವನನ್ನು ನೀನು ಮರೆತಿರಲಾರೆ: ತಡವಾಗಿ ಬಂದವರಿಗೆ ಬ್ಯಾಟರಿ ಬಿಟ್ಟು ಸೀಟು ತೋರಿಸುತ್ತಿದ್ದವನು, ಮೂಲೆಯಲ್ಲಿ ಅಂಟಿ ಕೂತ ಜೋಡಿಗಳ ಮುಖಕ್ಕೇ ಬೆಳಕು ಹಾಕುತ್ತಿದ್ದವನು. ಈಗ ಎಪ್ಪತ್ತೆಂಟು. ಕುರ್ಚಿಗಳ ತುಕ್ಕು ಉಜ್ಜುತ್ತಾ, ‘ಟೀಚರಮ್ಮ, ಈ ಸೀಟಲ್ಲಿ ಕೂತೋರು ಮದುವೆ ಆದ್ರು, ಈ ಪಕ್ಕದಲ್ಲಿ ಕೂತೋರು ಬಚಾವಾದ್ರು’ ಎಂದು ಒಂದೊಂದಕ್ಕೂ ಕಥೆ ಹೇಳುತ್ತಾನೆ. ಸೀಟಿನ ಹೊದಿಕೆ ಹೊಲಿಯುವವಳು ನಿನ್ನ ವರದಿಯನ್ನು ಟೈಪ್ ಮಾಡಿದ ನಗರಸಭೆಯ ಟೈಪಿಸ್ಟಮ್ಮನ ಮಗಳು. ತಾಯಿ ಹೋಗಿ ಆರು ವರ್ಷವಾಯಿತು. ಮಗಳು ಮುನ್ನೂರು ಹೊದಿಕೆ ಮುಗಿಸಿದ್ದಾಳೆ, ಇನ್ನೂ ಇನ್ನೂರು ಇವೆ. ಗಾರೆ ಮೇಸ್ತ್ರಿ ಹೋದ ವಾರ ಥಿಯೇಟರಿನ ಒಳಗೆಲ್ಲ ಹೊಡೆದಿದ್ದ ಪ್ಲೈವುಡ್ ಚಾವಣಿ ಕಿತ್ತ. ಅದರ ಮೇಲೆ ಗಾರೆಯಲ್ಲಿ ಮೂಡಿಸಿದ ಹಳೆಯ ಬಳ್ಳಿಗಳು ಹಾಗೇ ಇವೆ, ಒಂದು ಎಲೆಯೂ ಉದುರಿಲ್ಲ.

ಇನ್ನೊಂದು ಮಾತು. ನೀನು ಪರಿಶೀಲನೆಗೆ ಬಂದ ದಿನ ನನಗೆ ನೆನಪಿದೆ. ಅಪ್ಪ ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಪ್ರೊಜೆಕ್ಟರ್ ಕೋಣೆಗೆ ಹೋದರು. ಅವತ್ತು ಶೋ ಇರಲಿಲ್ಲ. ಎರಡು ಗಂಟೆಗೆ ಮನೆಗೆ ಬಂದರು. ‘ಬಂದಿದ್ದನಾ?’ ಅಂತ ಅಮ್ಮ ಕೇಳಿದಳು. ‘ಕೆಳಗೆ ಬಂದಿದ್ದನಂತೆ’ ಅಂದರು. ಅಷ್ಟೇ. ಊಟಕ್ಕೆ ಕೂತರು.

ಅಕ್ಕ


ಮಾರ್ಚ್ ೧೬

ಅಕ್ಕಾ,

ತಡವಾಯಿತು. ಮೂರು ಸಲ ಬರೆದು ಹರಿದೆ.

ಹೌದು, ಹತ್ತಲಿಲ್ಲ.

ನಿನಗೆ ಗೊತ್ತೇ ಇದೆ, ಮನೆ ಬಿಟ್ಟ ಮೇಲೆ ನಾನು ಅಪ್ಪನ ಎದುರು ಬರಲಿಲ್ಲ. ಅಮ್ಮನನ್ನು ನೋಡಲು ಬಂದಾಗಲೆಲ್ಲ ಅಪ್ಪ ಮ್ಯಾಟಿನಿಗೆ ಹೊರಟ ಮೇಲೆ ಒಳಗೆ ಕಾಲಿಟ್ಟು, ಫಸ್ಟ್ ಶೋ ಬಿಡುವ ಮೊದಲು ಬಸ್ಸು ಹತ್ತುತ್ತಿದ್ದೆ. ‘ಬೆಳಕಿನ ಕೆಲಸ ಬಿಟ್ಟು ಸಿಮೆಂಟು ಕಲಸೋಕೆ ಹೋಗ್ತೀಯಾ?’ ಅಂದಿದ್ದರು. ‘ಕತ್ತಲಲ್ಲಿ ಕೂತು ಬೇರೆಯವರ ಮುಖಕ್ಕೆ ಬೆಳಕು ಬಿಡೋದೂ ಒಂದು ಕೆಲಸವಾ?’ ಅಂದಿದ್ದೆ. ಇಷ್ಟೇ. ಇಪ್ಪತ್ತೈದು ವರ್ಷ ಇಷ್ಟಕ್ಕೇ.

ಆ ದಿನ ಗೋಡೆ, ಅಡಿಪಾಯ, ಕಂಬ, ಎಲ್ಲ ನೋಡಿದೆ. ಪ್ರತಿಯೊಂದನ್ನೂ ಅಳೆದೆ. ಕೊನೆಗೆ ಬಾಲ್ಕನಿಗೆ ಹೋಗುವ ಬಾಗಿಲಿನ ಹತ್ತಿರ ಬಂದೆ. ದಪ್ಪ ಪರದೆ ಇಳಿಬಿಟ್ಟಿತ್ತು. ಅದನ್ನು ಸರಿಸಲು ಕೈ ಹಾಕಿದಾಗ ಮೇಲಿಂದ ಅಪ್ಪನ ಕೆಮ್ಮು ಕೇಳಿಸಿತು. ಆಮೇಲೆ ಕುರ್ಚಿ ಎಳೆದ ಸದ್ದು. ಕಾಯುತ್ತಿದ್ದಾರೆ ಅಂತ ಗೊತ್ತಾಯಿತು. ಪರದೆ ಬಿಟ್ಟೆ.

ಕೆಳಗಿನಿಂದ ನೋಡಿದರೆ ಬಾಲ್ಕನಿಯ ಅಡಿಗೂ ಬರೀ ಪ್ಲೈವುಡ್ಡು. ಮೇಲೆ ಏನಿದೆ ಕಾಣುತ್ತಿರಲಿಲ್ಲ. ಕಾಣಬೇಕು ಅಂತಲೂ ಅನ್ನಿಸಲಿಲ್ಲ. ಕಣ್ಣು ಮುಚ್ಚಿದರೂ ಆ ಬಾಲ್ಕನಿ ನನಗೆ ಗೊತ್ತು ಅಂದುಕೊಂಡೆ. ನಗರಸಭೆಯ ಅತಿಥಿಗೃಹದಲ್ಲಿ ಕೂತು ಗೊತ್ತಿದ್ದನ್ನೇ ಬರೆದೆ. ನಾನು ಬಿಟ್ಟು ಹೋಗುವಾಗಲೇ ಹಳೆಯದಾಗಿದ್ದ ಹಲಗೆ ಇಷ್ಟು ವರ್ಷಕ್ಕೆ ಲಡ್ಡಾಗಿರಲೇಬೇಕಲ್ಲ ಎಂಬ ಲೆಕ್ಕ. ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಲಿಲ್ಲ ಅಕ್ಕಾ. ಅದೇ ನನಗೆ ಈಗ ಹೆದರಿಕೆ.

ಮಾಲೀಕರು ಆಗ ಹಾಸಿಗೆ ಹಿಡಿದಿದ್ದರು, ವರದಿ ಬಂದ ಮೇಲೆ ಯಾರೂ ಪ್ರಶ್ನಿಸಲಿಲ್ಲ. ಆದರೆ ಅಪ್ಪನಿಗೆ ಗೊತ್ತಾಗಿರಬೇಕಲ್ಲ? ಅವರೇಕೆ ಸುಮ್ಮನಿದ್ದರು?

ಈಗ ಮಾಡಬೇಕಾದ್ದು ಒಂದೇ. ಬಾಲ್ಕನಿಯ ಮೇಲೆ ಭಾರ ಹೇರಿ ನೋಡಬೇಕು. ಜನ ತುಂಬಿದರೆ ಎಷ್ಟು ತೂಕವೋ ಅದರ ಒಂದೂಕಾಲು ಪಾಲು ಮರಳು, ತೂಗಿದ ಚೀಲಗಳಲ್ಲಿ. ಕೆಳಗಡೆ, ಎಷ್ಟು ಬಗ್ಗಿತೆಂದು ಮುಳ್ಳಿನಿಂದ ತೋರಿಸುವ ಅಳತೆಯ ಗಡಿಯಾರಗಳನ್ನು ನಿಲ್ಲಿಸಬೇಕು. ಒಂದು ಇಡೀ ದಿನ ಹೇರಿ, ಇಳಿಸಿ, ಮತ್ತೊಂದು ದಿನ ಬಿಡಬೇಕು. ಬಗ್ಗಿದ ಬಾಲ್ಕನಿ ಮುಕ್ಕಾಲು ಪಾಲಾದರೂ ವಾಪಸ್ಸು ಎದ್ದರೆ ಅದು ಗಟ್ಟಿ. ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಅಳೆಯಲಿ, ಮನೆಯವನೇ ಅಳೆದ ಅನ್ನುವುದು ಬೇಡ. ಏಪ್ರಿಲ್ ಎರಡನೇ ವಾರ ನಾನೂ ಬರುತ್ತೇನೆ.

ತಮ್ಮ


ಏಪ್ರಿಲ್ ೧೮

ತಮ್ಮಯ್ಯ,

ನೀನು ಬಂದು ಮೂರು ದಿನ ಇದ್ದೆ. ನನ್ನ ಜೊತೆ ಆಡಿದ ಮಾತು ಒಂದು ಪೋಸ್ಟ್ ಕಾರ್ಡಿಗೂ ಸಾಲದು. ಪರವಾಗಿಲ್ಲ. ನೀನು ಅಡಿಯಲ್ಲಿ ಆ ಪುಟ್ಟ ಗಡಿಯಾರಗಳ ಮುಳ್ಳು ನೋಡುತ್ತಾ ನಿಂತಿದ್ದಾಗ ಮೇಲಿನ ತಮಾಷೆ ನಿನಗೆ ಕೇಳಿಸಿರಲಿಕ್ಕಿಲ್ಲ. ಟಾರ್ಚಣ್ಣ ಒಂದೊಂದು ಮರಳಿನ ಚೀಲಕ್ಕೂ ಬ್ಯಾಟರಿ ಬಿಟ್ಟು, ‘ಮುಂದೆ ನಡೀರಿ ಸಾರ್, ಮೂರನೇ ಸಾಲು, ಗೋಡೆ ಪಕ್ಕ’ ಎಂದು ಕೂರಿಸಿದ. ಎಲ್ಲ ತುಂಬಿದ ಮೇಲೆ ಸೊಂಟಕ್ಕೆ ಕೈ ಇಟ್ಟು ನೋಡಿ, ‘ಇಷ್ಟು ಸಭ್ಯ ಜನಾನ ಈ ಬಾಲ್ಕನೀಲಿ ಜನ್ಮದಲ್ಲಿ ನೋಡಿರ್ಲಿಲ್ಲ ಟೀಚರಮ್ಮ, ಒಬ್ಬರೂ ಸಿಳ್ಳೆ ಹಾಕ್ಲಿಲ್ಲ’ ಅಂದ.

ಆರು ಮಿಲಿಮೀಟರು ಬಗ್ಗಿತು, ಐದೂವರೆ ಎದ್ದು ನಿಂತಿತು. ಕಾಲೇಜಿನ ಮೇಷ್ಟ್ರು ಸಹಿ ಹಾಕಿದರು. ಚೀಲಗಳೆಲ್ಲ ಇಳಿದ ಮೇಲೆ ನೀನೊಬ್ಬನೇ ಆ ಮೆಟ್ಟಿಲು ಹತ್ತಿದ್ದನ್ನು ನೋಡಿದೆ. ಹಿಂದೆ ಬರಲಿಲ್ಲ. ಎಷ್ಟು ಹೊತ್ತು ಇದ್ದೆ ಎಂದು ಗಡಿಯಾರವನ್ನೂ ನೋಡಲಿಲ್ಲ.

ಅಪ್ಪ ಯಾಕೆ ಸುಮ್ಮನಿದ್ದರು ಅಂತ ನೀನು ಕೇಳಿದ್ದೆ. ಬೀಗ ಹಾಕಿದ ದಿನ ವರದಿಯ ಸಾರಾಂಶವನ್ನು ಬಾಗಿಲಿಗೆ ಅಂಟಿಸಿದ್ದರು. ಅಪ್ಪ ಕನ್ನಡಕ ಹಾಕಿಕೊಂಡು ಓದಿ ಬಂದರು. ‘ಅವನಿಗೆ ಹನ್ನೊಂದು ಸಾಲೂ ನೆನಪಿದೆ’ ಅಂದರು. ಮುದುಕರ ಮಾತು ಅಂದುಕೊಂಡು ನಾನು ಬಿಟ್ಟುಬಿಟ್ಟೆ. ಅಪ್ಪ ಬಾಯಿ ಬಿಟ್ಟಿದ್ದರೆ ಥಿಯೇಟರು ಉಳಿಯುತ್ತಿತ್ತು, ನಿನ್ನ ಕೆಲಸ ಹೋಗುತ್ತಿತ್ತು. ಅವರು ಯಾವುದನ್ನು ಆರಿಸಿಕೊಂಡರು ಅಂತ ನೀನೇ ನೋಡಿದ್ದೀಯ.

ಈಗ ಮುಖ್ಯ ವಿಷಯ. ನಿನ್ನೆ ಕಮಿಷನರು ಕರೆಸಿದ್ದರು. ಚಿಕ್ಕ ವಯಸ್ಸು, ಮೇಜಿನ ಮೇಲೆ ಕಾಗದವೇ ಇಲ್ಲದಷ್ಟು ಚೊಕ್ಕ. ‘ಮೇಡಂ, ಇಂಜಿನಿಯರು ಹತ್ತಿ ನೋಡಲೇ ಇಲ್ಲ ಅಂತಾದರೆ ಅದು ಇಲಾಖೆಯ ತಪ್ಪು. ಮೇಲಿನ ಕಚೇರಿಗೆ ಹೋಗುತ್ತೆ, ವಿಚಾರಣೆ ನಡೆಯುತ್ತೆ, ಅಷ್ಟರಲ್ಲಿ ಜೂನ್ ಮೂವತ್ತು ದಾಟುತ್ತೆ. ಅದೇ ಟೈಪಿಂಗ್‌ನಲ್ಲಿ ಆದ ತಪ್ಪು, ಬೇರೆ ಯಾವುದೋ ಕಟ್ಟಡದ ವಿವರ ಇದರಲ್ಲಿ ಸೇರಿಕೊಂಡಿದೆ ಅಂತ ನಿಮ್ಮ ತಮ್ಮ ಎರಡು ಸಾಲು ಬರೆದುಕೊಟ್ಟರೆ, ನಾನೇ ಇಲ್ಲೇ ಆದೇಶ ರದ್ದು ಮಾಡ್ತೀನಿ’ ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನಾನು ಯೋಚಿಸಿದೆ. ಟೈಪಿಸ್ಟಮ್ಮ ಈಗಿಲ್ಲ. ಸತ್ತವರಿಗೆ ಮೆಮೊ ಕೊಡಲಾಗದು. ಬರೆದುಕೊಟ್ಟುಬಿಡು. ಥಿಯೇಟರು ಉಳಿಯಲಿ.

ಅಕ್ಕ


ಏಪ್ರಿಲ್ ೨೭

ಅಕ್ಕಾ,

ಬರೆಯುವುದಿಲ್ಲ.

ನಾನು ಕೈಬರಹದಲ್ಲಿ ಕೊಟ್ಟ ಆರು ಹಾಳೆಯನ್ನು ಆಕೆ ಅರ್ಧ ದಿನದಲ್ಲಿ ಟೈಪ್ ಮಾಡಿದರು. ನಾಲ್ಕನೇ ಹಾಳೆಗೆ ಬಂದಾಗ ಕೇಳಿದರು: ‘ಸಾರ್, ಬಾಲ್ಕನಿ ಒಂಬತ್ತು ಸಾಲಲ್ವಾ? ನಾನು ವಾರ ವಾರ ಹೋಗ್ತೀನಿ.’ ನಾನು ಅಧಿಕಾರಿ. ‘ಬರೆದದ್ದನ್ನ ಟೈಪ್ ಮಾಡಿ’ ಅಂದೆ. ಮಾಡಿದರು.

ನನ್ನ ವರದಿಯನ್ನು ಸರಿಯಾಗಿ ಓದಿದ್ದು ಅವರೊಬ್ಬರೇ. ಈಗ ಅವರ ತಲೆಗೇ ಕಟ್ಟಲೇ? ಅವರ ಮಗಳು ಆ ಸೀಟುಗಳನ್ನು ಹೊಲಿಯುತ್ತಿದ್ದಾಳೆ ಎಂದು ಬರೆದವಳು ನೀನೇ.

ತಮ್ಮ


ಮೇ ೬

ತಮ್ಮ,

ಹದಿನೆಂಟು ವರ್ಷ ಇಲ್ಲದ ಸತ್ಯಸಂಧತೆ ಈಗ ಉಕ್ಕಿ ಬಂತಾ? ಆಗ ಅಪ್ಪನ ಮೇಲಿನ ಹಟಕ್ಕೆ ಥಿಯೇಟರು ಮುಚ್ಚಿಸಿದೆ, ಈಗ ಸತ್ಯದ ಹಟಕ್ಕೆ ಕೆಡವಿಸು. ನಲವತ್ತು ಜನ ಒಂದು ವರ್ಷದಿಂದ ಕೈ ಚರ್ಮ ಸುಲಿದುಕೊಂಡಿದ್ದಾರೆ. ಅವರಿಗೆ ನಾನು ಏನು ಹೇಳಲಿ, ನನ್ನ ತಮ್ಮನಿಗೆ ಮನಸ್ಸಾಕ್ಷಿ ಹುಟ್ಟಿದೆ, ಸ್ವಲ್ಪ ಸರಿದು ನಿಲ್ಲಿ ಅಂತಲೇ?

ಉತ್ತರ ಬೇಡ.

ಅಕ್ಕ


ಜೂನ್ ೫

ನಗರಸಭೆಯ ಕಮಿಷನರ್ ಅವರಿಗೆ
(ನಕಲು: ಅಕ್ಕನಿಗೆ)

ಪೇಟೆ ಬೀದಿಯ ಥಿಯೇಟರಿನ ಬಗ್ಗೆ ಹದಿನೆಂಟು ವರ್ಷಗಳ ಹಿಂದೆ ವರದಿ ಬರೆದ ಇಂಜಿನಿಯರು ನಾನು. ಬಾಲ್ಕನಿಯನ್ನು ನಾನು ಹತ್ತಿ ನೋಡಿರಲಿಲ್ಲ. ನಾಲ್ಕನೇ ಪುಟದಲ್ಲಿರುವುದು ನನ್ನ ಬಾಲ್ಯದಲ್ಲಿ ಅಲ್ಲಿದ್ದ ಬಾಲ್ಕನಿ. ನೋಡದಿರಲು ಕಾರಣ ನನ್ನ ಸ್ವಂತದ್ದು, ಕಟ್ಟಡಕ್ಕೂ ಇಲಾಖೆಗೂ ಸಂಬಂಧಪಟ್ಟದ್ದಲ್ಲ.

ಟೈಪ್ ಮಾಡಿದವರದು ಏನೂ ತಪ್ಪಿಲ್ಲ. ಅವರು ತಪ್ಪನ್ನು ತೋರಿಸಿದ್ದರು. ನಾನು ಕೇಳಲಿಲ್ಲ.

ಇದೇ ಏಪ್ರಿಲ್‌ನಲ್ಲಿ ನಡೆದ ಭಾರ ಪರೀಕ್ಷೆಯ ಫಲಿತಾಂಶ ಲಗತ್ತಿಸಿದ್ದೇನೆ. ಬಾಲ್ಕನಿ ಇನ್ನೂರ ಹದಿನಾರು ಜನರಿಗೆ ಸುರಕ್ಷಿತ. ಈ ಸಲ ಹತ್ತಿ ನೋಡಿ ಬರೆಯುತ್ತಿದ್ದೇನೆ. ಈ ಹೇಳಿಕೆಯನ್ನು ಸಾರ್ವಜನಿಕ ಸಭೆಯಲ್ಲಿ ಓದಬೇಕೆಂದು ಕೋರುತ್ತೇನೆ.

ಸಹಿ
ನಿವೃತ್ತ ಇಂಜಿನಿಯರ್


ಜೂನ್ ೨೧

ತಮ್ಮಯ್ಯ,

ಓದಿದರು. ಅಂದರೆ ಓದಿದವಳು ನಾನು. ಗುಮಾಸ್ತರಿಗೆ ಗಂಟಲು ಕಟ್ಟಿದೆ ಅಂತ ಕಮಿಷನರು ಮುಂದಿನ ವಿಷಯಕ್ಕೆ ಹೋಗಲು ನೋಡಿದರು. ನನ್ನ ಗಂಟಲು ಚೆನ್ನಾಗಿದೆ ಎಂದು ಎದ್ದೆ. ಅರವತ್ತು ಮಕ್ಕಳ ಕ್ಲಾಸಿಗೆ ಮೈಕಿಲ್ಲದೆ ಪಾಠ ಮಾಡಿದ ಗಂಟಲು.

ಸಭೆಯಲ್ಲಿ ಗದ್ದಲ. ‘ಅಪ್ಪ-ಮಗನ ಜಗಳಕ್ಕೆ ನಮ್ಮೂರಿನ ಪಿಚ್ಚರ್ ನಿಲ್ಲಿಸಿದ್ನಾ ಈ ಮಹಾಶಯ?’ ಅಂತ ಒಬ್ಬ. ‘ಇಂಥೋರಿಗೆ ಪೆನ್ಷನ್ ಬೇರೆ ಕೇಡು!’ ಅಂತ ಇನ್ನೊಬ್ಬ. ಇದೇ ಮಾತನ್ನು ನಾನು ಜನವರಿಯಲ್ಲಿ ನಿನಗೆ ಬರೆಯಬೇಕೆಂದಿದ್ದೆ. ಬೇರೆಯವರ ಬಾಯಲ್ಲಿ ಕೇಳಿದಾಗ ಮೈ ಉರಿಯಿತು.

ಅದಕ್ಕೇ ಹೇಳಿಬಿಟ್ಟೆ. ‘ತಪ್ಪನ್ನ ಸತ್ತ ಟೈಪಿಸ್ಟಿನ ಮೇಲೆ ಹಾಕೋಣ ಅಂತ ಈ ಕಚೇರಿಯಲ್ಲೇ ಸಲಹೆ ಬಂತು. ಹಾಕು ಅಂತ ನಾನೂ ತಮ್ಮನಿಗೆ ಕಾಗದ ಬರೆದೆ. ಅವನು ಒಪ್ಪಲಿಲ್ಲ. ಬೈಯೋದಾದರೆ ಇಬ್ಬರನ್ನೂ ಬೈಯಿರಿ’ ಅಂದೆ. ಕಮಿಷನರು ನೀರು ಕುಡಿದರು. ಹೊಲಿಯುವವಳು ಮೂರನೇ ಸಾಲಿನಲ್ಲಿ ಕೂತಿದ್ದಳು. ನಾನು ಆ ಕಡೆ ನೋಡಲಿಲ್ಲ.

ಮರುದಿನ ಅವಳೇ ಮಾತು ತೆಗೆದಳು, ಮಷಿನ್ನಿನಿಂದ ಕಣ್ಣೆತ್ತದೆ. ‘ಟೀಚರ್, ಒಂದು ಅಕ್ಷರ ತಪ್ಪಿದ್ರೆ ಅಮ್ಮ ಇಡೀ ಹಾಳೆ ಮತ್ತೆ ಟೈಪ್ ಮಾಡೋರು. ನಿಮಗೆ ಗೊತ್ತಿರಬೇಕಿತ್ತು.’ ಗೊತ್ತಿತ್ತು ಅಂದೆ. ‘ಆ ಕತ್ತರಿ ಕೊಡಿ’ ಅಂದಳು. ಕೊಟ್ಟೆ.

ಕಮಿಷನರು ಹೇಳಿದ್ದೇ ಆಯಿತು. ಫೈಲು ಮೇಲಿನ ಕಚೇರಿಗೆ ಹೋಗಿದೆ, ಕೆಡವುವ ಆದೇಶ ಮಾತ್ರ ಇದ್ದಲ್ಲೇ ಇದೆ. ಮೂವತ್ತಕ್ಕೆ ಯಂತ್ರ ಬರುತ್ತದೆ. ಬರಲಿ. ಬಾಲ್ಕನಿ ಅಪಾಯ ಅಂತಾರಲ್ಲ, ನಾವೆಲ್ಲ ಅಲ್ಲೇ ಕೂತಿರುತ್ತೇವೆ.

ಮೇ ತಿಂಗಳ ಕಾಗದವನ್ನು ಒಲೆಗೆ ಹಾಕು.

ಅಕ್ಕ


ಜೂನ್ ೨೪

ಅಕ್ಕಾ,

ಕೂರುವುದಾದರೆ ಒಮ್ಮೆಗೆ ಇನ್ನೂರ ಹದಿನಾರೇ ಜನ. ಒಬ್ಬರೂ ಹೆಚ್ಚು ಬೇಡ. ಮುಂದಿನ ಕಟಕಟೆಗೆ ಯಾರೂ ಒರಗಿ ನಿಲ್ಲಬಾರದು. ಎರಡೂ ಬಾಗಿಲು ತೆರೆದಿರಲಿ. ನೀನು ಮೊದಲ ಸಾಲಿನಲ್ಲಿ ಕೂರಬೇಡ, ನಿನಗೆ ತಲೆ ಸುತ್ತುತ್ತದೆ.

ಕಾಗದವನ್ನು ಒಲೆಗೆ ಹಾಕಿಲ್ಲ. ಅದರಲ್ಲಿ ಅರ್ಧ ನಿಜ ಇತ್ತು.

ತಮ್ಮ


ಜುಲೈ ೪

ತಮ್ಮಯ್ಯ,

ಪತ್ರಿಕೆಯಲ್ಲಿ ಓದಿರುತ್ತೀಯ. ಅವರು ಬಿಟ್ಟದ್ದನ್ನು ನಾನು ಬರೆಯುತ್ತೇನೆ.

ಮೂವತ್ತರ ಬೆಳಿಗ್ಗೆ ಏಳಕ್ಕೇ ಬಾಲ್ಕನಿ ಭರ್ತಿ. ಕೆಳಗೆ ಸರದಿ ಕಾಯುವವರ ಸಾಲು ಬಟ್ಟೆ ಅಂಗಡಿಯವರೆಗೆ. ಹೊಲಿಯುವವಳು ಮಷಿನ್ನನ್ನೇ ಮೇಲಕ್ಕೆ ಹೊರಿಸಿಕೊಂಡು ಬಂದು ಕೆಲಸ ಮುಂದುವರಿಸಿದಳು. ಅವಳನ್ನೂ ಮಷಿನ್ನನ್ನೂ ಸೇರಿಸಿ ಇಬ್ಬರು ಜನ ಅಂತ ಎಣಿಸಿದೆವು. ಹತ್ತು ಗಂಟೆಗೆ ಕೆಡವುವ ಯಂತ್ರ ಬಂತು. ಅದರ ಡ್ರೈವರು ಇಳಿದು, ‘ಒಳಗೆ ಜನ ಇದ್ರೆ ನಾನು ಕೈ ಹಾಕಲ್ಲ, ನನಗೂ ಹೆಂಡ್ತಿ ಮಕ್ಕಳಿದಾರೆ’ ಎಂದು ನೆರಳಲ್ಲಿ ಕೂತುಬಿಟ್ಟ.

ಹನ್ನೊಂದಕ್ಕೆ ಕಮಿಷನರೇ ಬಂದರು. ಮೂವತ್ತೊಂದು ಮೆಟ್ಟಿಲೂ ಹತ್ತಿದರು. ಕೊನೆಯ ಮೆಟ್ಟಿಲಲ್ಲಿ ಟಾರ್ಚಣ್ಣ ಅವರ ಮುಖಕ್ಕೇ ಬೆಳಕು ಬಿಟ್ಟ. ‘ಹೌಸ್‌ಫುಲ್ ಸಾರ್. ಇನ್ನೂರ ಹದಿನಾರು ಆಗಿದೆ. ನೀವು ಇನ್ನೂರ ಹದಿನೇಳನೆಯವರು. ಒಬ್ಬರು ಇಳಿಯೋವರೆಗೆ ಅಲ್ಲೇ ನಿಂತಿರಿ.’

‘ನಾನು ಕಮಿಷನರ್ ಕಣಯ್ಯ!’

‘ಇರಬಹುದು ಸಾರ್. ಇಂಜಿನಿಯರು ಬರೆದುಕೊಟ್ಟಿದ್ದಾರೆ, ಒಬ್ಬರೂ ಜಾಸ್ತಿ ಆಗಬಾರದು ಅಂತ.’

ಬಾಲ್ಕನಿಯೇ ಹಾರಿಹೋಗುವಂತೆ ನಗು. ಆತ ನಿಂತರು, ತಮ್ಮಯ್ಯ. ಐದು ನಿಮಿಷ, ಕೈ ಕಟ್ಟಿಕೊಂಡು. ನಾನೇ ಎದ್ದು ನನ್ನ ಸೀಟು ಬಿಟ್ಟುಕೊಟ್ಟೆ. ಕೂತರು. ಮೇಲೆ ನೋಡಿದರು, ಬಳ್ಳಿಗಳನ್ನು, ಕಾಲು ಚಾಚಿದರು, ನೆಲವನ್ನು ಬೂಟಿನಿಂದ ಎರಡು ಸಲ ಕುಟ್ಟಿದರು. ಕಾಂಕ್ರೀಟು ಏನು ಹೇಳಬೇಕೋ ಹೇಳಿತು. ಮಧ್ಯಾಹ್ನ ತಡೆ ಆದೇಶಕ್ಕೆ ಸಹಿ ಬಿತ್ತು. ಮೇಲಿನ ಕಚೇರಿಯವರು ಬಂದು ತಾವೇ ಪರೀಕ್ಷೆ ಮಾಡುವವರೆಗೆ ಯಾರೂ ಒಂದು ಇಟ್ಟಿಗೆ ಮುಟ್ಟುವಂತಿಲ್ಲ.

ನಿನ್ನ ಮೇಲೆ ವಿಚಾರಣೆ ಶುರುವಾಗುತ್ತದೆ ಅಂತ ಆತನೇ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಕ್ಕ


ಸೆಪ್ಟೆಂಬರ್ ೧೯

ಅಕ್ಕಾ,

ಮೇಲಿನ ಕಚೇರಿಯವರ ಪರೀಕ್ಷೆಯಲ್ಲೂ ಬಾಲ್ಕನಿ ಗೆದ್ದದ್ದು, ಪರವಾನಗಿ ಬಂದದ್ದು ತಿಳಿಯಿತು. ಇಪ್ಪತ್ತೆಂಟರ ಮೊದಲ ಆಟದ ಆಹ್ವಾನ ಪತ್ರಿಕೆಯೂ ಬಂತು.

ಬರಲಾಗುವುದಿಲ್ಲ. ನನ್ನ ವಿಚಾರಣೆ ಅಕ್ಟೋಬರ್ ಎರಡನೆಯ ವಾರ. ಅದು ಮುಗಿಯುವವರೆಗೆ ಆ ಕಟ್ಟಡದೊಳಗೆ ಕಾಲಿಡಕೂಡದು ಎಂದು ಲಿಖಿತ ಸೂಚನೆ ಕೊಟ್ಟಿದ್ದಾರೆ. ಸಲಹೆಗಾರರ ಪಟ್ಟಿಯಿಂದ ನನ್ನ ಹೆಸರು ತೆಗೆದರು. ಇಲ್ಲಿನ ಇಂಜಿನಿಯರುಗಳ ಸಂಘದಲ್ಲಿ ನಾನು ಹೋದರೆ ಮಾತು ನಿಲ್ಲುತ್ತದೆ. ಬೇಸರವಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಮತ್ತೆ ಬರೆಯುವುದಾದರೂ ಆ ಹೇಳಿಕೆಯಲ್ಲಿ ಒಂದು ಪದ ಬದಲಿಸುವುದಿಲ್ಲ.

ಹೇಗಾಯಿತು ಬರಿ.

ತಮ್ಮ


ಸೆಪ್ಟೆಂಬರ್ ೨೮

ನನ್ನ ತಮ್ಮನಿಗೆ,

ಮ್ಯಾಟಿನಿ ಮುಗಿಸಿ ಈಗಷ್ಟೇ ಬಂದು ಕೂತೆ. ಐದು ಗಂಟೆ. ಚಪ್ಪಲಿ ಕೂಡ ಬಿಟ್ಟಿಲ್ಲ.

ಕೊನೆಗೆ ಐನೂರು ಸೀಟೂ ತುಂಬಿದವು. ಭಾಷಣ ಬೇಡ ಅಂದಿದ್ದೆ. ಕಮಿಷನರು ಎರಡು ನಿಮಿಷ ಅಂತ ಶುರುಮಾಡಿ ಹದಿನಾಲ್ಕು ನಿಮಿಷ ಮಾತಾಡಿದರು. ಥಿಯೇಟರು ಉಳಿಸಿದ್ದು ನಗರಸಭೆಯಂತೆ. ಚರಿತ್ರೆ ಹೀಗೇ ಬರೆಯಲ್ಪಡುತ್ತದೆ ಅಂತ ನನಗೆ ಹೊಸದಾಗಿ ಯಾರೂ ಹೇಳಬೇಕಿಲ್ಲ. ನಾನೂ ಒಂದು ಕೆಲಸ ಮಾಡಿದ್ದೆ. ನಿನ್ನ ಹೇಳಿಕೆಯನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ಟಿಕೆಟ್ ಕಿಟಕಿಯ ಪಕ್ಕ ತೂಗುಹಾಕಿದ್ದೇನೆ. ಟಿಕೆಟ್ಟಿಗೆ ನಿಂತವರೆಲ್ಲ ಓದಲೇಬೇಕು. ಕಮಿಷನರು ಅದನ್ನು ನೋಡಿ, ‘ಇದು ಇಲ್ಲಿ ಬೇಕಾ ಮೇಡಂ?’ ಅಂದರು. ಹೊಲಿಯುವವಳು ನನಗಿಂತ ಮೊದಲೇ, ‘ಬೇಕು ಸಾರ್, ಅದರಲ್ಲಿ ನಮ್ಮಮ್ಮ ಇದ್ದಾರೆ’ ಅಂದಳು. ಅವರು ಒಳಗೆ ನಡೆದರು.

ನನಗೆ ಬಾಲ್ಕನಿಯ ಮೊದಲ ಸಾಲಿನಲ್ಲಿ ಹೂವಿನ ಹಾರ ಹಾಕಿದ ಕುರ್ಚಿ ಇಟ್ಟಿದ್ದರು. ಹೋಗಲಿಲ್ಲ. ಅದನ್ನು ಬೇರೆಯವರಿಗೆ ಬಿಟ್ಟು ಕೆಳಗೆ, ಬಾಲ್ಕನಿಯ ನಟ್ಟನಡುವಿನ ಅಡಿಯಲ್ಲಿ ಬರುವ ಕುರ್ಚಿ ಆರಿಸಿಕೊಂಡೆ. ಅಲ್ಲಿ ಕೂರಲು ಜನ ಇನ್ನೂ ಅಳುಕುತ್ತಿದ್ದರು. ಎರಡು ಸಾಲು ಖಾಲಿ ಬಿಟ್ಟಿದ್ದರು. ನಾನು ಕೂತೆ. ಟಾರ್ಚಣ್ಣ ಬ್ಯಾಟರಿ ಹಿಡಿದು ಓಡಿ ಬಂದ. ‘ಟೀಚರಮ್ಮ, ನಿಮ್ಮ ಸೀಟು ಮೇಲಿದೆ!’ ನನ್ನ ಸೀಟು ಇದೇ ಅಂದೆ. ಅವನು ಬ್ಯಾಟರಿ ಆರಿಸಿದ, ಬಂದು ಪಕ್ಕದಲ್ಲಿ ಕೂತ. ಆಮೇಲೆ ಹೊಲಿಯುವವಳು, ಗಾರೆ ಮೇಸ್ತ್ರಿ. ಎರಡೂ ಸಾಲು ತುಂಬಿತು.

ಪರದೆ ಸರಿದು ಮೊದಲ ಬೆಳಕು ಬಿದ್ದ ಕೂಡಲೇ ಮೇಲೆ ಇನ್ನೂರ ಹದಿನಾರು ಜನ ಕಾಲು ಕುಟ್ಟಿ ಕೇಕೆ ಹಾಕಿದರು. ಗುಡುಗಿನಂಥ ಸದ್ದು. ನನ್ನ ತಲೆಯಿಂದ ಹತ್ತು ಅಡಿ ಮೇಲೆ. ಒಂದು ಚಿಟಿಕೆ ಸುಣ್ಣವೂ ಉದುರಲಿಲ್ಲ.

ವಿಚಾರಣೆಯಲ್ಲಿ ಅವರು ನಿನ್ನನ್ನು ಸುತ್ತ ಕೂತು ಕೇಳುತ್ತಾರೆ, ನನಗೆ ಗೊತ್ತು. ಒಮ್ಮೆ ನೋಡದೆ ಬರೆದವನ ಮಾತನ್ನು ಎರಡನೇ ಸಲ ಯಾರು ನಂಬಬೇಕು ಅನ್ನುತ್ತಾರೆ. ತಲೆ ತಗ್ಗಿಸಬೇಡ, ಎದ್ದು ನಿಂತು ಹೇಳು: ಆ ಬಾಲ್ಕನಿ ತುಂಬಿ ಕುಣಿಯುತ್ತಿದ್ದಾಗ ನನ್ನ ಅಕ್ಕ ಅದರ ಕೆಳಗೇ ಕೂತಿದ್ದಳು.

ಅಕ್ಕ